ಒಂದೇ ಪಾಲಿಕೆ, ಎರಡು ನಳ: ಹುಬ್ಬಳ್ಳಿ-ಧಾರವಾಡದ ನೀರಿನ ಪಾಳಿ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ 2008ರಿಂದ ಎರಡು ಬಗೆಯ ನಳಗಳಿವೆ. ಒಂದನ್ನು ಹಗಲು ರಾತ್ರಿ ಯಾವಾಗ ತಿರುಗಿಸಿದರೂ ನೀರು ಬರುತ್ತದೆ. ಇನ್ನೊಂದರಲ್ಲಿ ಪಾಳಿ ಬಂದ ದಿನ ಮಾತ್ರ, ಅದೂ ನಾಲ್ಕೈದು ತಾಸು. ಆ ಪಾಳಿ ಐದು ದಿನಕ್ಕೋ, ಎಂಟು ದಿನಕ್ಕೋ, ಬೇಸಿಗೆಯಲ್ಲಿ ಹತ್ತು ದಿನ ದಾಟಿಯೋ ಬರುತ್ತದೆ. ಎರಡೂ ನಳಗಳ ಮಾಲೀಕರು ಒಂದೇ ಪಾಲಿಕೆಗೆ ತೆರಿಗೆ ಕಟ್ಟುತ್ತಾರೆ. ಎಷ್ಟೋ ಕಡೆ ಈ ಎರಡು ನಳಗಳ ನಡುವೆ ಇರುವುದು ಒಂದು ಓಣಿಯ ಅಂತರ.

ಅವಳಿನಗರದ ಬಗ್ಗೆ ನಮ್ಮವರಿಗೆ ಇರುವ ಹೆಮ್ಮೆಗೆ ಕಾರಣಗಳು ಗಟ್ಟಿಯಾಗಿಯೇ ಇವೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಹೈಕೋರ್ಟ್ ಪೀಠ, ಐಐಟಿ, ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸು, ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್. ಇವುಗಳ ಸಾಲಿಗೆ ಸೇರಬೇಕಾದದ್ದು ನಿರಂತರ ನೀರು. ದೇಶದ ನಗರಗಳಲ್ಲಿ ಪಾಳಿ ಇಲ್ಲದ ನೀರು ಸಾಧ್ಯವೇ ಇಲ್ಲ ಎಂದು ಎಂಜಿನಿಯರುಗಳೇ ಹೇಳುತ್ತಿದ್ದ ಕಾಲದಲ್ಲಿ ಅದನ್ನು ಮಾಡಿ ತೋರಿಸಿದ ಮೊದಲ ಊರುಗಳಲ್ಲಿ ನಮ್ಮದೂ ಒಂದು. ಮಾಡಿ ತೋರಿಸಿದ್ದು ಊರಿಡೀ ಹಬ್ಬಲು ಇಷ್ಟು ವರ್ಷ ಏಕೆ ಬೇಕಾಯಿತು ಎಂಬುದೇ ಈ ಪ್ರಕರಣದ ತಿರುಳು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕೊರತೆ ಅಣೆಕಟ್ಟಿನಲ್ಲಿಲ್ಲ, ಓಣಿಯ ಕೊಳವೆಯಲ್ಲಿದೆ. ಅದಕ್ಕಿಂತ ಹೆಚ್ಚಾಗಿ, ಆ ಕೊಳವೆಗೆ ಉತ್ತರ ಹೇಳಬೇಕಾದವರು ಯಾರು ಎಂಬುದು ಗೊತ್ತಾಗದ ವ್ಯವಸ್ಥೆಯಲ್ಲಿದೆ.

ಅಣೆಕಟ್ಟಿನ ಲೆಕ್ಕ

ಊರಿಗೆ ನೀರು ಎರಡು ಕಡೆಯಿಂದ ಬರುತ್ತದೆ. ದೊಡ್ಡ ಪಾಲು ಸವದತ್ತಿ ಬಳಿಯ ಮಲಪ್ರಭಾ ಜಲಾಶಯದ್ದು, ಅಂದರೆ ರೇಣುಕಾಸಾಗರದ್ದು. ಅಲ್ಲಿಂದ ಎತ್ತಿದ ನೀರು ಅಮ್ಮಿನಭಾವಿಯ ಘಟಕದಲ್ಲಿ ಶುದ್ಧವಾಗಿ ಎರಡೂ ಊರಿಗೆ ಹೋಗುತ್ತದೆ. ಎರಡನೆಯದು ಕಲಘಟಗಿ ಕಡೆಯ ನೀರಸಾಗರ. ಇದು ಹುಬ್ಬಳ್ಳಿಗೆ ಹಳೆಯ ಆಸರೆ, ಮಳೆ ಕೈಕೊಟ್ಟ ವರ್ಷ ತಳ ಕಾಣುವ ಕೆರೆ.

ನೀರಿನ ಮಾತು ಬಂದಾಗಲೆಲ್ಲ ನಮ್ಮ ರಾಜಕಾರಣ ನೇರವಾಗಿ ಕಳಸಾ-ಬಂಡೂರಿಗೆ, ಅಂದರೆ ಮಹದಾಯಿಯ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆಗೆ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕಳಸಾ ನಾಲೆಗೆ 1.72, ಬಂಡೂರಿಗೆ 2.18, ಒಟ್ಟು 3.9 ಟಿಎಂಸಿ ನೀರು ಕೊಟ್ಟಿತು. ಅದು ನಮ್ಮ ಹಕ್ಕಿನ ನೀರು, ಬರಲೇಬೇಕು. ಮಲಪ್ರಭಾ ಜಲಾಶಯ ತುಂಬದ ವರ್ಷಗಳೇ ಹೆಚ್ಚು. ಅದೇ ನೀರನ್ನು ನಂಬಿದ ನವಲಗುಂದ, ನರಗುಂದದ ರೈತರು 1980ರಲ್ಲಿ ಗುಂಡೇಟು ತಿಂದವರು. ಆದರೆ ಆ ನೀರು ಬಂದ ಮರುದಿನ ನಮ್ಮ ಓಣಿಯ ನಳ ದಿನವೂ ಹರಿಯುತ್ತದೆ ಎಂದು ವೇದಿಕೆ ಮೇಲೆ ಹೇಳುವವರು ಈ ಲೆಕ್ಕ ಹಾಕಿ ನೋಡಬೇಕು.

ಹತ್ತು ಲಕ್ಷ ಜನ, ತಲಾ ದಿನಕ್ಕೆ 135 ಲೀಟರ್. ಒಳಚರಂಡಿ ಇರುವ ನಗರಕ್ಕೆ ಕೇಂದ್ರ ಸರ್ಕಾರದ ಕೈಪಿಡಿ ಹೇಳುವ ಪ್ರಮಾಣ ಇದು. ಒಟ್ಟು ದಿನಕ್ಕೆ 13.5 ಕೋಟಿ ಲೀಟರ್, ವರ್ಷಕ್ಕೆ ಸುಮಾರು 1.74 ಟಿಎಂಸಿ. ದಾರಿಯಲ್ಲಿ ಅರ್ಧ ಸೋರಿಹೋಗುತ್ತದೆ ಎಂದುಕೊಂಡರೂ 3.5 ಟಿಎಂಸಿ ಸಾಕು. ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಅಂದರೆ ಸೋರಿಕೆಯನ್ನೂ ಸೇರಿಸಿ ಇಡೀ ಅವಳಿನಗರಕ್ಕೆ ಬೇಕಾದ್ದು ತುಂಬಿದ ಅಣೆಕಟ್ಟಿನ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಜಲಾಶಯದ ಗೇಟು ತೆರೆದು ನೀರು ಹೊರಬಿಟ್ಟರು, ನದಿ ದಂಡೆಯ ಊರುಗಳು ಮುಳುಗಿದವು. ಆಗಲೂ ಹಳೆ ಕೊಳವೆಯ ವಾರ್ಡುಗಳಲ್ಲಿ ಪಾಳಿ ನಿಲ್ಲಲಿಲ್ಲ.

ಎತ್ತುವ ಖರ್ಚು ಮಾತ್ರ ನಿಜವಾದ ಹೊರೆ. ಜಲಾಶಯದ ತುಂಬು ಮಟ್ಟ 2079.5 ಅಡಿ, ಸುಮಾರು 634 ಮೀಟರ್. ಧಾರವಾಡ 700 ಮೀಟರ್‌ಗೂ ಮೇಲಿದೆ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು, ಪಂಪಿನ ದಕ್ಷತೆ ಶೇ 70 ಎಂದರೆ, ಸುಮಾರು 0.4 ಯೂನಿಟ್ ವಿದ್ಯುತ್ ಬೇಕು. ಕೊಳವೆಯೊಳಗಿನ ಘರ್ಷಣೆ ಸೇರಿದರೆ ಇನ್ನೂ ಹೆಚ್ಚು. ಹೀಗೆ ಬೆಟ್ಟ ಹತ್ತಿಸಿ ತಂದ, ಕ್ಲೋರಿನ್ ಹಾಕಿದ ನೀರು ಓಣಿಯ ಮಣ್ಣಿಗೆ ಸೋರುತ್ತದೆ.

ಪಾಳಿ ಎಂಬ ವ್ಯವಸ್ಥೆ ಒಳಗಿನಿಂದ

ಪಾಳಿಯ ನೀರು ನಡೆಯುವುದು ವಾಲ್ವ್‌ಮನ್‌ನ ಚಾವಿಯ ಮೇಲೆ. ವಾರ್ಡನ್ನು ಹಲವು ತುಂಡು ಮಾಡಿರುತ್ತಾರೆ. ಒಂದು ತುಂಡಿನ ವಾಲ್ವ್ ತೆರೆದು ನಾಲ್ಕೈದು ತಾಸು ಬಿಟ್ಟು, ಮುಚ್ಚಿ, ಮುಂದಿನದಕ್ಕೆ ಹೋಗುತ್ತಾರೆ. ಓಣಿಗಳಿಗೆ ನೀರು ಬಿಡುವ ಎತ್ತರದ ಟಾಕಿ ತುಂಬಿದ್ದರೆ ಮಾತ್ರ ಇದು ಸಾಧ್ಯ. ಸವದತ್ತಿ ಕಡೆ ಎರಡು ತಾಸು ಕರೆಂಟು ಹೋದರೆ ಅಲ್ಲಿಂದ ನೀರೆತ್ತಿ ತರುವ ಏರುಕೊಳವೆ ಮತ್ತೆ ಒತ್ತಡಕ್ಕೆ ಬಂದು ಟಾಕಿ ತುಂಬಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ದಿನದ ಪಾಳಿ ಮರುದಿನಕ್ಕೆ, ಮರುದಿನದ್ದು ಅದರ ಮುಂದಿನ ದಿನಕ್ಕೆ ಜಾರುತ್ತದೆ. ಜಾರಿದ ಪಾಳಿ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಐದು ದಿನದ ಪಾಳಿ ಎಂಟು ದಿನವಾಗುವುದು ಹೀಗೆ. ನೀರು ಕಡಿಮೆಯಾಗಿಯೇ ಪಾಳಿ ಹಿಗ್ಗಿತು ಎನ್ನುವಂತಿಲ್ಲ.

ಈಗ ಕೊಳವೆಯ ಅಳತೆ. ಊರಿನ ವಿತರಣಾ ಕೊಳವೆಗಳನ್ನು ಸರಾಸರಿ ಹರಿವಿನ ಎರಡೂವರೆ, ಮೂರು ಪಟ್ಟು ತಡೆಯುವಂತೆ ವಿನ್ಯಾಸ ಮಾಡುತ್ತಾರೆ. ಐದು ದಿನದ, ಅಂದರೆ 120 ತಾಸಿನ ನೀರನ್ನು ನಾಲ್ಕು ತಾಸಿನಲ್ಲಿ ಕೊಡಲು ಹೋದರೆ ಅದೇ ಕೊಳವೆ ಸರಾಸರಿಯ 30 ಪಟ್ಟು ಒಯ್ಯಬೇಕು. ಅದು ಆಗದ ಮಾತು. ಹಾಗಾಗಿ ವಾಲ್ವಿನ ಹತ್ತಿರದ ಮನೆ, ತಗ್ಗಿನ ಮನೆ ಮೊದಲು ತುಂಬಿಕೊಳ್ಳುತ್ತವೆ. ಏರಿನ ಮೇಲಿನ, ಓಣಿಯ ಕೊನೆಯ ಮನೆಗೆ ನೀರು ತಲುಪುವ ಹೊತ್ತಿಗೆ ವಾಲ್ವ್ ಮುಚ್ಚುವ ಸಮಯ ಬಂದಿರುತ್ತದೆ. ಆ ಮನೆಯವರು ನಳಕ್ಕೆ ಮೋಟರ್ ಹಚ್ಚುತ್ತಾರೆ. ಮೋಟರ್ ಎಳೆದಾಗ ಕೊಳವೆಯಲ್ಲಿ ಒತ್ತಡ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ. ಗಟಾರದ ಪಕ್ಕದಲ್ಲಿ ಹಾದುಹೋದ ತುಕ್ಕು ಹಿಡಿದ ಜಿಐ (ಸತು ಲೇಪಿತ ಕಬ್ಬಿಣದ) ಕೊಳವೆಯ ತೂತಿನಿಂದ ಗಟಾರದ ನೀರೇ ಒಳಗೆ ಬರುತ್ತದೆ. ಯಾರೂ ಮೋಟರ್ ಹಚ್ಚದಿದ್ದರೂ ವಾಲ್ವ್ ಮುಚ್ಚಿದ ಮೇಲೆ ಖಾಲಿಯಾಗುವ ಕೊಳವೆ ಇದೇ ಕೆಲಸ ಮಾಡುತ್ತದೆ. ಪಾಳಿಯ ದಿನ ಮೊದಲ ಹತ್ತು ನಿಮಿಷ ಬರುವ ಕೆಂಪು ನೀರು, ವಾಸನೆ, ಗಾಳಿ ಎಲ್ಲ ಅದರದೇ ಫಲ.

ಇದು ಬರಿ ಊಹೆಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಸಂಶೋಧಕರು ಇದೇ ಊರಿನ ಎರಡೂ ಬಗೆಯ ನಳಗಳ ನೀರು ಪರೀಕ್ಷಿಸಿದ್ದಾರೆ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಲದ ಕುರುಹಾದ ಇ-ಕೊಲೈ ಬ್ಯಾಕ್ಟೀರಿಯಾ ನಿರಂತರ ನಳಗಳ ಮಾದರಿಗಳಲ್ಲಿ ಶೇ 0.7ರಷ್ಟರಲ್ಲಿ ಸಿಕ್ಕರೆ, ಪಾಳಿಯ ನಳಗಳ ಮಾದರಿಗಳಲ್ಲಿ ಶೇ 31.7ರಷ್ಟರಲ್ಲಿ ಸಿಕ್ಕಿತು. 2015ರಲ್ಲಿ ಬಂದ ಇನ್ನೊಂದು ಅಧ್ಯಯನ ಎರಡೂ ಕಡೆಯ ಮಕ್ಕಳ ಆರೋಗ್ಯ ನೋಡಿತು. ಸಾಮಾನ್ಯ ಭೇದಿಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ರಕ್ತಭೇದಿ ಮತ್ತು ಟೈಫಾಯಿಡ್ ನಿರಂತರ ನೀರಿನ ವಾರ್ಡುಗಳಲ್ಲಿ ಕಡಿಮೆ ಇದ್ದವು. ನಳದ ನೀರು ಶುದ್ಧವಾದರೂ ಹಳೆ ರೂಢಿಯಂತೆ ಕೊಡ, ಬ್ಯಾರೆಲ್‌ಗಳಲ್ಲಿ ತುಂಬಿಟ್ಟರೆ ಅದು ಮನೆಯೊಳಗೇ ಮತ್ತೆ ಕೆಡುತ್ತದೆ ಎಂಬುದನ್ನು ನಾವು ಇದರ ಜೊತೆಗಿಟ್ಟು ಓದುತ್ತೇವೆ.

ಪಾಳಿಯ ಹೊರೆ ಎಲ್ಲರ ಮೇಲೂ ಒಂದೇ ತೂಕದ್ದಲ್ಲ. ಐದು ಜನರ ಮನೆಗೆ ಎಂಟು ದಿನಕ್ಕೆ, ತಲಾ 135 ಲೀಟರ್‌ನಂತೆ, 5,400 ಲೀಟರ್ ಬೇಕು. ನೆಲದಡಿ ಸಂಪು, ಮಾಳಿಗೆ ಮೇಲೆ ಸಾವಿರ ಲೀಟರಿನ ಟಾಕಿ, ಅರ್ಧ ಎಚ್‌ಪಿ ಮೋಟರ್ ಇರುವ ಮನೆಗೆ ಪಾಳಿ ಇದ್ದದ್ದೇ ಗೊತ್ತಾಗುವುದಿಲ್ಲ. 200 ಲೀಟರಿನ ನಾಲ್ಕು ಬ್ಯಾರೆಲ್ ಇಡಲು ಮಾತ್ರ ಜಾಗವಿರುವ ಮನೆಗೆ ಸಿಗುವುದು 800 ಲೀಟರ್, ಅಂದರೆ ತಲಾ ದಿನಕ್ಕೆ 20 ಲೀಟರ್. ರಾತ್ರಿ ಎರಡಕ್ಕೆ ನೀರು ಬಿಟ್ಟರೆ ಎದ್ದು ತುಂಬುವವರು ಮನೆಯ ಹೆಣ್ಣುಮಕ್ಕಳು. ಮರುದಿನದ ಕೂಲಿ ತಪ್ಪುವುದೂ ಅವರದ್ದೇ. ಇನ್ನು ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ತೆಗೆದುಕೊಳ್ಳುವುದು ಹೆಚ್ಚುಕಡಿಮೆ ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ಬ್ಯಾರೆಲ್ ಖಾಲಿ ಮಾಡಿ ತಿಕ್ಕಿ ಒಣಗಿಸಿ ಎಂದು ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಹೇಳುತ್ತಾರೆ. ಎಂಟು ದಿನದ ಪಾಳಿಯ ಓಣಿಯಲ್ಲಿ ಏಳನೇ ದಿನ ಆ ನೀರು ಚೆಲ್ಲುವವರು ಯಾರು?

ಎಂಟು ವಾರ್ಡುಗಳಲ್ಲಿ ಏನು ಮಾಡಿದರು

ವಿಶ್ವಬ್ಯಾಂಕಿನ ಸಾಲದಿಂದ 2005ರ ಹೊತ್ತಿಗೆ ಶುರುವಾದ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವು ವಲಯಗಳನ್ನು ಆರಿಸಿದರು. ನಮ್ಮಲ್ಲಿ ಆಗಿದ್ದ 67 ವಾರ್ಡುಗಳಲ್ಲಿ ಎಂಟು, ಜನಸಂಖ್ಯೆಯ ಹತ್ತರಲ್ಲಿ ಒಂದು ಪಾಲಿನಷ್ಟು. ಅದಕ್ಕಾಗಿ ಹೊಸ ಜಲಮೂಲ ಹುಡುಕಲಿಲ್ಲ. ಆ ವಲಯಗಳ ಒಳಗಿನ ಜಾಲವನ್ನು ಪೂರ್ತಿ ಬದಲಿಸಿದರು. ಕೆಲಸದ ಅನುಕ್ರಮವನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಮುಂದೆ ಬೇರೆ ವಾರ್ಡುಗಳಲ್ಲಿ ತಡವಾದದ್ದೆಲ್ಲ ಇದರ ಒಂದಲ್ಲ ಒಂದು ಹಂತದಲ್ಲಿ.

ಮೊದಲು ಮನೆಮನೆ ಎಣಿಕೆ: ಅಧಿಕೃತ ನಳ ಎಷ್ಟು, ಅನಧಿಕೃತ ಎಷ್ಟು, ಒಂದೇ ನಳಕ್ಕೆ ಎಷ್ಟು ಕುಟುಂಬ. ಆಮೇಲೆ ವಲಯವನ್ನು ಬೇರ್ಪಡಿಸುವುದು. ಐದುನೂರರಿಂದ ಮೂರು ಸಾವಿರ ನಳಗಳ ಒಂದು ಗುಂಪಿಗೆ ಒಂದೇ ಒಳದಾರಿ, ಅಲ್ಲೊಂದು ದೊಡ್ಡ ಮೀಟರ್. ಗಡಿಯ ವಾಲ್ವ್‌ಗಳನ್ನೆಲ್ಲ ಮುಚ್ಚಿ, ಒಳದಾರಿಯನ್ನೂ ಮುಚ್ಚಿ, ಒಳಗಿನ ಒಂದು ನಳ ತೆರೆದಾಗ ಒತ್ತಡ ಸೊನ್ನೆಗೆ ಇಳಿಯಬೇಕು. ಇಳಿಯದಿದ್ದರೆ ಎಲ್ಲಿಂದಲೋ ಕಾಣದ ಹಳೆಯ ಸಂಪರ್ಕ ಒಳಗೆ ಬರುತ್ತಿದೆ ಎಂದರ್ಥ. ಈ ಪರೀಕ್ಷೆ ಪಾಸಾಗದೆ ಮುಂದಿನದೆಲ್ಲ ವ್ಯರ್ಥ.

ಆಮೇಲೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆ ಹಾಕಿ, ಬೆಸುಗೆ ಮಾಡಿ, ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ತಡೆಯುತ್ತದೆಯೇ ನೋಡುವುದು. ಪ್ರತಿ ಮನೆಗೆ ಹೊಸ ಸಂಪರ್ಕ, ಮೀಟರ್. ಹಳೆ ಕೊಳವೆಯನ್ನು ಕತ್ತರಿಸಿ ಬಾಯಿ ಮುಚ್ಚುವುದು. ಕೊನೆಗೆ ಒತ್ತಡವನ್ನು ಮೆಲ್ಲಗೆ ಏರಿಸಿ, ರಾತ್ರಿ ಎರಡರಿಂದ ನಾಲ್ಕರ ನಡುವೆ ವಲಯದ ದೊಡ್ಡ ಮೀಟರ್ ನೋಡುವುದು. ಊರು ಮಲಗಿರುವ ಆ ಹೊತ್ತಿನಲ್ಲಿ ಹರಿಯುವುದರ ಬಹುಪಾಲು ಸೋರಿಕೆ.

ಹಳೆ ಕೊಳವೆಯಲ್ಲೇ ದಿನವಿಡೀ ನೀರು ಬಿಟ್ಟರಾಗದೇ ಎಂದು ಪ್ರತಿ ಚುನಾವಣೆಯಲ್ಲೂ ಯಾರಾದರೂ ಕೇಳುತ್ತಾರೆ. ಉತ್ತರ ಒಂದು ತೂತಿನಲ್ಲಿದೆ. 20 ಮೀಟರ್ ಒತ್ತಡದ, ಅಂದರೆ ನೀರನ್ನು ಅಷ್ಟು ಎತ್ತರಕ್ಕೆ ಏರಿಸಬಲ್ಲ ಒತ್ತಡದ ಕೊಳವೆಯಲ್ಲಿ 3 ಮಿಲಿಮೀಟರ್‌ನ ಒಂದು ತೂತು ತಾಸಿಗೆ ಸುಮಾರು 300 ಲೀಟರ್ ಸೋರುತ್ತದೆ. ಐದು ದಿನಕ್ಕೊಮ್ಮೆ ನಾಲ್ಕು ತಾಸು ಬಿಟ್ಟರೆ 1,200 ಲೀಟರ್ ಹೋಯಿತು. ಅದೇ ಐದು ದಿನ ಎಡೆಬಿಡದೆ ಬಿಟ್ಟರೆ 36,000 ಲೀಟರ್. ಇಂಥ ನೂರಾರು ತೂತು ಇರುವ ವಾರ್ಡಿನಲ್ಲಿ ಬೆಳಗಾಗುವುದರೊಳಗೆ ಟಾಕಿ ಬರಿದಾಗುತ್ತದೆ. ಹಾಗಾಗಿ ಜಾಲ ಬದಲಿಸದೆ 24/7 ಭರವಸೆ ಕೊಡುವ ಅಭ್ಯರ್ಥಿಯನ್ನು ನಂಬಬಾರದು.

ಪ್ರಾಯೋಗಿಕ ವಾರ್ಡುಗಳಲ್ಲಿ ಜನ ಬೇಕಾಬಿಟ್ಟಿ ನೀರು ಹರಿಸುತ್ತಾರೆ, ಊರಿನ ನೀರೆಲ್ಲ ಅಲ್ಲೇ ಮುಗಿಯುತ್ತದೆ ಎಂಬ ಭಯವಿತ್ತು. ಹಾಗಾಗಲಿಲ್ಲ. ವಲಯಗಳಿಗೆ ಮೊದಲಿಗಿಂತ ಹೆಚ್ಚು ನೀರು ಬೇಕಾಗಲಿಲ್ಲ. ನಾಳೆಯೂ ಬರುತ್ತದೆ ಎಂಬ ನಂಬಿಕೆ ಹುಟ್ಟಿದ ಮನೆಯಲ್ಲಿ ಪಾಳಿಯ ದಿನ ಹಳೆ ನೀರು ಚೆಲ್ಲಿ ಹೊಸದು ತುಂಬುವ ಪದ್ಧತಿ ನಿಂತಿತು. ನಳ ತೆರೆದಿಟ್ಟು ಮಲಗುವುದೂ ನಿಂತಿತು.

ಹಬ್ಬದೇ ಹೋದದ್ದು ಹೇಗೆ

ಆ ಯಶಸ್ಸಿನ ಮರುವರ್ಷವೇ ಮುಂದಿನ ಇಪ್ಪತ್ತು ವಾರ್ಡುಗಳ ಕೆಲಸ ಶುರುವಾಗಬೇಕಿತ್ತು. ಕೆಲವು ವಾರ್ಡುಗಳಿಗೆ ಅದು ತುಂಡುತುಂಡಾಗಿ ಹಬ್ಬಿತು. ಇಡೀ ನಗರಕ್ಕೆ ಎಂಬ ಹೊಸ ಯೋಜನೆಗೆ ವಿಶ್ವಬ್ಯಾಂಕಿನ ಸಾಲ ಮಂಜೂರಾಗಿದ್ದು 2016ರಲ್ಲಿ. ನಡುವಿನ ಎಂಟು ವರ್ಷ ಎಲ್ಲಿ ಹೋಯಿತು?

ವಿರೋಧ ಇದ್ದದ್ದು ನಿಜ. ನೀರು ಖಾಸಗಿಯವರ ಕೈಸೇರುತ್ತದೆ, ಸಾರ್ವಜನಿಕ ನಳ ಹೋಗುತ್ತದೆ, ಬಿಲ್ಲು ಏರುತ್ತದೆ ಎಂದು ಬೀದಿಗಿಳಿದವರ ಭಯ ನಿರಾಧಾರವಾಗಿರಲಿಲ್ಲ. ಗುತ್ತಿಗೆಯ ಕರಾರು ಪಾಲಿಕೆ ಸಭೆಯಲ್ಲಿ ಓದಿ ಚರ್ಚೆಯಾಗದಿದ್ದರೆ ಅನುಮಾನ ಬರುವುದು ಸಹಜ. ನಮ್ಮ ನಿಲುವು ಇಷ್ಟು: ಬಡ ಮನೆಗೆ ಸಾಕಾಗುವಷ್ಟು ನೀರಿಗೆ ಅತಿ ಕಡಿಮೆ ದರ ಇರಬೇಕು, ದರ ನಿಗದಿ ಚುನಾಯಿತ ಸಭೆಯ ಕೈಯಲ್ಲೇ ಇರಬೇಕು, ಕೊಳವೆ ಹಾಕುವವರು ಯಾರಾದರೂ ಆಗಲಿ. ಮೀಟರನ್ನೇ ಬೇಡ ಎನ್ನುವುದು ಬಡವರಿಗೆ ನೆರವಾಗುವುದಿಲ್ಲ. ಮೀಟರ್ ಇಲ್ಲದ ವ್ಯವಸ್ಥೆಯಲ್ಲಿ ಹೆಚ್ಚು ನೀರು ಎಳೆಯುವುದು ದೊಡ್ಡ ಸಂಪು, ದೊಡ್ಡ ಮೋಟರ್ ಇರುವವರೇ.

ಆದರೆ ಮೀಟರನ್ನು ತಪ್ಪು ಹೊತ್ತಿನಲ್ಲಿ ಹಾಕಿದ್ದು ದೊಡ್ಡ ನಷ್ಟ ಮಾಡಿತು. ಪಾಳಿಯ ಕೊಳವೆಗೆ ಮೀಟರ್ ಕೂರಿಸಿದರೆ ನೀರಿಗೆ ಮುಂಚೆ ಬರುವ ಗಾಳಿಯೂ ಮುಳ್ಳನ್ನು ತಿರುಗಿಸುತ್ತದೆ. ಬಾರದ ನೀರಿಗೆ ಬಿಲ್ಲು ಎಂಬ ಜಗಳ ಅಲ್ಲಿಂದ ಶುರು. ಕೆಸರು ಸಿಕ್ಕಿ ಮೀಟರ್ ನಿಂತರೆ ಸರಾಸರಿ ಬಿಲ್ಲು, ಅದರ ಮೇಲೆ ಇನ್ನೊಂದು ಜಗಳ, ಆಮೇಲೆ ಬಾಕಿ, ಬಾಕಿಯ ಮೇಲೆ ಬಡ್ಡಿ. ಕೊಳವೆ ಸದಾ ತುಂಬಿರುವ ಸ್ಥಿತಿ ಬಂದ ಮೇಲೆಯೇ ಮೀಟರಿನ ಬಿಲ್ಲು ಶುರುವಾಗಬೇಕು. ಈ ಒಂದು ಕ್ರಮ ತಪ್ಪಿದ್ದರಿಂದ 24/7 ಎಂಬ ಹೆಸರಿನ ಮೇಲೆಯೇ ಎಷ್ಟೋ ಓಣಿಗಳಲ್ಲಿ ಸಿಟ್ಟು ಕೂತಿತು.

ಎರಡನೆಯದು ರಸ್ತೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಊರು ಸೇರಿತು, ಚಿಗರಿ ಬಸ್ಸಿನ ಪ್ರತ್ಯೇಕ ಪಥದ (ಬಿಆರ್‌ಟಿಎಸ್) ಕಾಮಗಾರಿ ನಡೆದಿತ್ತು, ಬಡಾವಣೆಗಳಲ್ಲಿ ಕಾಂಕ್ರೀಟ್ ರಸ್ತೆಗಳು ಬಂದವು. ಕಾಂಕ್ರೀಟ್ ಹಾಕುವ ಮುಂಚೆ ಕೊಳವೆ ಹಾಕಬೇಕು, ಅದಕ್ಕೂ ಮುಂಚೆ ಒಳಚರಂಡಿ. ನಮ್ಮಲ್ಲಿ ಹಣ ಯಾವ ಇಲಾಖೆಯಿಂದ ಮೊದಲು ಬಂತೋ ಅದರ ಕೆಲಸ ಮೊದಲಾಯಿತು. ಕೊಳವೆಯವರು ಬಂದಾಗ ಹೊಸ ರಸ್ತೆ ಒಡೆಯಬೇಕಾಯಿತು. ಒಡೆದ ಕಡೆ ಮಣ್ಣನ್ನು ಪದರಪದರವಾಗಿ ದಮ್ಮಸು ಮಾಡದೆ ಮುಚ್ಚಿದ್ದರಿಂದ ಮೊದಲ ಮಳೆಗೆ ಕುಸಿಯಿತು. ನಮ್ಮ ಎರೆಮಣ್ಣಿನಲ್ಲಂತೂ ಇದು ಬೇಗ ಗೊತ್ತಾಗುತ್ತದೆ. ಎರೆಮಣ್ಣು ಮಳೆಗೆ ಹಿಗ್ಗುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕೊಳವೆಯ ಕೆಳಗೂ ಸುತ್ತಲೂ ಮರಳಿನ ಹಾಸು ಕೊಡದಿದ್ದರೆ ಜೋಡಣೆಗಳು ಎರಡು ಋತು ತಡೆಯುವುದಿಲ್ಲ.

ಮೂರನೆಯದು, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಹೊಣೆ. ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ನೀರು ಸರಬರಾಜು ನಗರಾಡಳಿತದ ಕೆಲಸ. ಇಲ್ಲಿ ಆಸ್ತಿ ಪಾಲಿಕೆಯದು, ನಿರ್ವಹಣೆ ಬಹುಕಾಲ ರಾಜ್ಯದ ಜಲಮಂಡಳಿಯದು, ಯೋಜನೆ ಬೆಂಗಳೂರಿನಲ್ಲಿರುವ ರಾಜ್ಯದ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮದ್ದು, ಆಮೇಲೆ ಕೊಳವೆ ಮತ್ತು ನಿರ್ವಹಣೆ ಎರಡೂ ಗುತ್ತಿಗೆ ಕಂಪನಿಯದು. ಓಣಿಯ ಜನ ದೂರು ಹೊತ್ತು ಒಬ್ಬರ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ ಅಲೆದರು. ಜಲಮಂಡಳಿಯಿಂದ ಕಂಪನಿಗೆ ನಿರ್ವಹಣೆ ದಾಟಿದ ಹೊತ್ತಿನಲ್ಲಿ ಹಳೆಯ ಗುತ್ತಿಗೆ ನೌಕರರು ಕೆಲಸ, ವೇತನಕ್ಕಾಗಿ ಹೋರಾಟಕ್ಕಿಳಿದರು, ಪಾಳಿ ಇನ್ನಷ್ಟು ಹಿಗ್ಗಿತು. ಅದರ ಹಿಂದಿನ ಕಾರಣವನ್ನು ಗಮನಿಸಬೇಕು. ಯಾವ ವಾಲ್ವ್ ಎಲ್ಲಿ ಡಾಂಬರಿನಡಿ ಹೂತಿದೆ, ಯಾವುದು ಎಷ್ಟು ಸುತ್ತು ತೆರೆದರೆ ಮೇಲಿನ ಓಣಿಗೆ ಏರುತ್ತದೆ, ಯಾವುದು ಜಾಮ್ ಆಗಿದೆ ಎಂಬುದು ಯಾವ ನಕ್ಷೆಯಲ್ಲೂ ಇರಲಿಲ್ಲ. ಅದು ವಾಲ್ವ್‌ಮನ್‌ಗಳ ತಲೆಯಲ್ಲಿತ್ತು. ಅವರನ್ನು ಹೊರಗಿಟ್ಟು ಜಾಲವನ್ನು ಹಸ್ತಾಂತರಿಸಲು ಬರುವುದಿಲ್ಲ.

ಇದೇ ಕಾಲದಲ್ಲಿ ಕೇಳುವವರೇ ಇರಲಿಲ್ಲ. ಹಿಂದಿನ ಪಾಲಿಕೆ ಸಭೆಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು. ವಾರ್ಡುಗಳು 67ರಿಂದ 82 ಆದವು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಬಿಜೆಪಿಗೆ 39, ಕಾಂಗ್ರೆಸ್‌ಗೆ 33 ಸ್ಥಾನ ಬಂದವು. ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಊರಿನ ಅತಿ ದೊಡ್ಡ ಕಾಮಗಾರಿ ಶುರುವಾಗುವ, ಹಸ್ತಾಂತರವಾಗುವ ಹೊತ್ತಿನಲ್ಲಿ ಅದರ ಮೇಲೆ ಪ್ರಶ್ನೆ ಕೇಳುವ ಮೇಯರ್ ಇರಲಿಲ್ಲ. ಯಾವ ಪಕ್ಷದ ಸರ್ಕಾರ ಇದ್ದಾಗಲೂ ಪಾಲಿಕೆ ಚುನಾವಣೆ ಮುಂದೂಡುವುದು ಸಣ್ಣ ಸಂಗತಿಯಂತೆ ನಡೆದುಹೋಗುತ್ತದೆ. ನಮ್ಮ ಓಣಿಗಳಲ್ಲಿ ಅದರ ಬೆಲೆ ಬ್ಯಾರೆಲ್ ಲೆಕ್ಕದಲ್ಲಿ ತೆತ್ತಿದ್ದೇವೆ.

ಚಾವಿಯ ರಾಜಕಾರಣವೂ ಇದೆ. ಪಾಳಿ ಇರುವಷ್ಟು ದಿನ ಯಾವ ಓಣಿಗೆ ಒಂದು ತಾಸು ಹೆಚ್ಚು ಎಂಬುದು ಒಂದು ಫೋನಿನಲ್ಲಿ ತೀರ್ಮಾನವಾಗುತ್ತದೆ. ಟ್ಯಾಂಕರ್ ಯಾರ ಮನೆ ಮುಂದೆ ನಿಲ್ಲಬೇಕು ಎಂಬುದೂ ಹಾಗೆಯೇ. ನಿರಂತರ ನೀರು ಬಂದ ವಾರ್ಡಿನಲ್ಲಿ ಈ ಉಪಕಾರಕ್ಕೆ ಜಾಗವಿಲ್ಲ. ಎಲ್ಲ ಸದಸ್ಯರೂ ಇದನ್ನೇ ಬಯಸುತ್ತಾರೆ ಎನ್ನುವುದು ಅನ್ಯಾಯದ ಮಾತಾದೀತು, ವಾರ್ಡಿನ ಕೊಳವೆಗಾಗಿ ಅಧಿಕಾರಿಗಳ ಬೆನ್ನು ಹತ್ತಿದ ಸದಸ್ಯರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಆದರೆ ಪಾಳಿಯನ್ನು ಬೇಗ ಮುಗಿಸುವ ಅವಸರ ವ್ಯವಸ್ಥೆಗೆ ಹುಟ್ಟದಿರಲು ಇದೂ ಒಂದು ಕಾರಣ.

ಓಣಿಯವರು ಮಾಡಬಹುದಾದದ್ದು

ಪಾಳಿ ಇರುವ ವಾರ್ಡಿನಲ್ಲಿ ಮೊದಲು ಬೇಕಾದ್ದು ದಾಖಲೆ. ಓಣಿಯ ಮೊದಲ ಮನೆ, ನಡುವಿನ ಮನೆ, ಕೊನೆಯ ಮನೆ, ಈ ಮೂರರಲ್ಲಿ ನೀರು ಬಂದ ದಿನ, ಶುರುವಾದ ಮತ್ತು ನಿಂತ ಸಮಯ, 20 ಲೀಟರಿನ ಬಕೆಟ್ ತುಂಬಲು ಹಿಡಿದ ನಿಮಿಷ ಬರೆದಿಡಿ. ಮೂರು ತಿಂಗಳ ಇಂಥ ಪಟ್ಟಿ ಇದ್ದರೆ ನೀರು ಬಿಟ್ಟಿದ್ದೇವೆ ಎಂಬ ಉತ್ತರ ನಿಲ್ಲುವುದಿಲ್ಲ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಟಾಕಿಯ ದಿನವಹಿ ಮಟ್ಟ, ವಾಲ್ವ್ ತೆರೆದ-ಮುಚ್ಚಿದ ನೋಂದಣಿ, ನಿಮ್ಮ ವಾರ್ಡಿನ ಕೊಳವೆ ಕಾಮಗಾರಿಯ ಒತ್ತಡ ಪರೀಕ್ಷೆಯ ವರದಿ ಕೇಳಿ. ಉತ್ತರಕ್ಕೆ 30 ದಿನ. ನೋಂದಣಿಯೇ ಇಲ್ಲ ಎಂಬ ಉತ್ತರವೂ ಬೆಲೆಬಾಳುವ ದಾಖಲೆ.

ಕೊಳವೆ ಹಾಕುವ ದಿನ ಓಣಿಯಲ್ಲಿ ಇಬ್ಬರಾದರೂ ನಿಂತು ನೋಡಿ. ಕೊಳವೆ ಗಟಾರದೊಳಗೆ ಹಾದುಹೋಗಬಾರದು, ದಾಟಲೇಬೇಕಾದರೆ ಅದಕ್ಕೊಂದು ಹೊರಕೊಳವೆ ಇರಬೇಕು. ಕೆಳಗೆ ಮರಳು ಇರಬೇಕು. ಹಳೆ ಸಂಪರ್ಕವನ್ನು ಕತ್ತರಿಸಿ ಮುಚ್ಚಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಗುಂಡಿ ಮುಚ್ಚಲು ಬಿಡಿ. ಹಳೆಯದು ಜೀವಂತವಾಗಿ ಉಳಿದ ಓಣಿಗಳಲ್ಲಿ ಎರಡೂ ಕೊಳವೆಯಿಂದ ನೀರು ಹೋಗಿ ವಲಯದ ಲೆಕ್ಕವೇ ಕೆಡುತ್ತದೆ.

ನಿರಂತರ ನೀರು ಬಂದ ಮನೆಯಲ್ಲೂ ಕೆಲಸ ಮುಗಿದಿರುವುದಿಲ್ಲ. ಅಡುಗೆಮನೆಯ ನಳವನ್ನು ಸಂಪು, ಟಾಕಿ ದಾಟಿಸದೆ ನೇರ ಕೊಳವೆಗೆ ಕೊಡಿ. ಸಂಪಿನಲ್ಲಿ ನಿಂತ ನೀರಿನ ಕ್ಲೋರಿನ್ ಹಾರಿಹೋಗುತ್ತದೆ. ಕೊನೆಯ ಮನೆಯ ನಳದಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಹನಿ ಹಾಕಿ ಹಳದಿ ಬಣ್ಣ ನೋಡುವ ಸಣ್ಣ ಕಿಟ್ಟಿನಿಂದ ಇದನ್ನು ಓಣಿಯವರೇ ಪರೀಕ್ಷಿಸಬಹುದು. ಬಿಲ್ಲು ಏಕಾಏಕಿ ಏರಿದರೆ ರಾತ್ರಿ ಎಲ್ಲ ನಳ ಮುಚ್ಚಿ ಮೀಟರ್ ಅಂಕಿ ಬರೆದುಕೊಳ್ಳಿ, ಬೆಳಗ್ಗೆ ಯಾರೂ ನೀರು ಮುಟ್ಟುವ ಮುಂಚೆ ಮತ್ತೆ ನೋಡಿ. ಅಂಕಿ ಸರಿದಿದ್ದರೆ ಸೋರಿಕೆ ಮನೆಯೊಳಗೇ ಇದೆ. ಹೆಚ್ಚಿನ ಸಲ ಅದು ಸಂಪಿನ ಕೆಟ್ಟ ಫ್ಲೋಟ್ ವಾಲ್ವ್ ಅಥವಾ ಸಂಪಿನ ಗೋಡೆಯ ಬಿರುಕು.

ಇವೆಲ್ಲವನ್ನೂ ಇಡುವ ಜಾಗ ವಾರ್ಡ್ ಸಮಿತಿ. ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ಪ್ರಕಾರ ವಾರ್ಡಿನ ಸದಸ್ಯರ ಅಧ್ಯಕ್ಷತೆಯಲ್ಲಿ ಹತ್ತು ಜನ ನಾಗರಿಕರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ-ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು. ಮಂಗಳೂರಿನಲ್ಲಿ ನಾಗರಿಕರು ಹೈಕೋರ್ಟಿನವರೆಗೆ ಹೋಗಿ ಇದನ್ನು ಮಾಡಿಸಿಕೊಂಡರು. ಹೈಕೋರ್ಟ್ ಪೀಠವೇ ನಮ್ಮೂರಲ್ಲಿರುವಾಗ ನಾವು ಕೇಳಲು ಹಿಂಜರಿಯಬೇಕಿಲ್ಲ.

ಧಾರವಾಡ ಬೇರೆಯಾದರೆ

2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಗೆ ಒಪ್ಪಿತು. 82ರಲ್ಲಿ 26 ವಾರ್ಡುಗಳು ಧಾರವಾಡಕ್ಕೆ. 1962ರಿಂದ ಒಂದೇ ಪಾಲಿಕೆಯಲ್ಲಿರುವ ಧಾರವಾಡದವರು ಅನುದಾನವೆಲ್ಲ ಹುಬ್ಬಳ್ಳಿಗೆ ಹೋಗುತ್ತದೆ ಎಂದು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಅದರಲ್ಲಿ ಹುರುಳಿದೆ, ಊರಿನ ಅಭಿಮಾನವೂ ಇದೆ. ಪ್ರತ್ಯೇಕ ಪಾಲಿಕೆಯ ಬೇಡಿಕೆಯನ್ನು ನಾವು ಬೆಂಬಲಿಸುತ್ತೇವೆ. ಸಭೆ ಚಿಕ್ಕದಾದಷ್ಟೂ ಕೊನೆಯ ಓಣಿಯ ದನಿ ಅಲ್ಲಿಗೆ ಮುಟ್ಟುವ ಸಾಧ್ಯತೆ ಹೆಚ್ಚು.

ಆದರೆ ಅಮ್ಮಿನಭಾವಿ ಘಟಕವನ್ನು ಎರಡು ಮಾಡಲು ಬರುವುದಿಲ್ಲ. ಸವದತ್ತಿಯಿಂದ ಬರುವ ಏರುಕೊಳವೆಗೂ ಗಡಿ ಹಾಕಲಾಗದು. ಹಾಗಾಗಿ ವಿಭಜನೆಯ ಒಪ್ಪಂದದಲ್ಲಿ ಕೆಲವು ಸಂಗತಿಗಳು ಈಗಲೇ ಬರೆಯಲ್ಪಡಬೇಕು. ಎರಡೂ ಪಾಲಿಕೆಗಳ ಪ್ರತಿನಿಧಿಗಳಿರುವ ಒಂದೇ ಜಂಟಿ ಸಮಿತಿ ಜಲಮೂಲ ಮತ್ತು ಶುದ್ಧೀಕರಣ ನೋಡಬೇಕು. ಹುಬ್ಬಳ್ಳಿಗೆ ಹೋಗುವ ಮುಖ್ಯಕೊಳವೆಯ ಮೇಲೆ, ಧಾರವಾಡದ ಪ್ರತಿ ಟಾಕಿಯ ಒಳದಾರಿಯಲ್ಲಿ ದೊಡ್ಡ ಮೀಟರ್ ಇರಬೇಕು, ಅದರ ಅಂಕಿ ದಿನವೂ ಎರಡೂ ಊರಿನವರಿಗೆ ಕಾಣಬೇಕು. ಪಂಪಿನ ವಿದ್ಯುತ್ ಬಿಲ್ಲನ್ನು ವಾರ್ಡ್ ಅಥವಾ ಜನಸಂಖ್ಯೆಯ ಲೆಕ್ಕದಲ್ಲಿ ಹಂಚಬಾರದು, ಮೀಟರ್ ತೋರಿಸಿದ ನೀರಿನ ಲೆಕ್ಕದಲ್ಲಿ ಹಂಚಬೇಕು. ಆಗ ಯಾರ ಕೊಳವೆ ಹೆಚ್ಚು ಸೋರುತ್ತದೋ ಅವರಿಗೆ ದುರಸ್ತಿಯ ಅವಸರ ಹುಟ್ಟುತ್ತದೆ. ಬರಗಾಲದಲ್ಲಿ ಎರಡೂ ಊರಿಗೆ ಒಂದೇ ಪ್ರಮಾಣದಲ್ಲಿ ಕಡಿತ ಎಂಬ ಷರತ್ತು ಇರಬೇಕು. ಹಳೆಯ ನೀರಿನ ಬಿಲ್ ಬಾಕಿ, ವಿಶ್ವಬ್ಯಾಂಕ್ ಸಾಲದ ಕಂತು, ಗುತ್ತಿಗೆ ಕಂಪನಿಯ ಕರಾರು ಯಾರ ಪಾಲಿಗೆ ಎಷ್ಟು ಎಂಬುದು ಸಹಿ ಬೀಳುವ ಮುಂಚೆ ಎರಡೂ ಸಭೆಗಳಲ್ಲಿ ಓದಿ, ಕನ್ನಡದಲ್ಲಿ ಮುದ್ರಿಸಿ, ವಾರ್ಡ್ ಕಚೇರಿಗಳ ಹಲಗೆಗೆ ಹಚ್ಚಬೇಕು.